ಸಿವಿಲೈಸೇಶನ್ 6: ಮೊದಲ 60 ಟರ್ನ್‌ಗಳಲ್ಲಿ ದಾಳಿ ಮಾಡುವುದು ಹೇಗೆ, ಊರು ಹೆಚ್ಚಿಸುವುದು ಹೇಗೆ

ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್‌ವರೆಗೆ ಮೈದಾನದ ಆಸೆ ಬಿಡಬೇಕು. ಪಣಂಬೂರು, ಮಲ್ಪೆ ಬೀಚ್‌ನಲ್ಲೂ ನೀರಿಗೆ ಇಳಿಯುವಂತಿಲ್ಲ. ಆಗ ಮಣಿಪಾಲದ ಹಾಸ್ಟೆಲ್‌ಗಳಲ್ಲಿ, ಸುರತ್ಕಲ್, ಕೊಟ್ಟಾರದ ಬಾಡಿಗೆ ರೂಮುಗಳಲ್ಲಿ ಲ್ಯಾಪ್‌ಟಾಪ್ ತೆರೆದು ಸಿವಿಲೈಸೇಶನ್ (ಟರ್ನ್, ಅಂದರೆ ಸರದಿಯ ಮೇಲೆ ಊರು, ಸೈನ್ಯ ಕಟ್ಟಿ ಸಾಮ್ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ) ಆಡುವವರು ತುಂಬ ಜನ. ಹೊಸಬರು ನನ್ನ ಹತ್ತಿರ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. "ಶುರುವಿನಲ್ಲೇ ಪಕ್ಕದವನ ಮೇಲೆ ದಾಳಿ ಮಾಡಬೇಕಾ, ಅಲ್ಲ ಸುಮ್ನೆ ಊರು ಕಟ್ಟುತ್ತಾ ಹೋಗಬೇಕಾ?"

ನನ್ನ ಉತ್ತರ ಇದು. ಎರಡೂ ಒಂದೇ ಲೆಕ್ಕ. ದಾಳಿ ಅಂದರೂ ಊರು ಸಂಪಾದಿಸುವ ದಾರಿ, ಸೆಟ್ಲರ್ (ಹೊಸ ಊರು ಮಾಡುವ ವಲಸಿಗ) ಅಂದರೂ ಊರು ಸಂಪಾದಿಸುವ ದಾರಿ. ಒಂದು ಊರಿಗೆ ನಮ್ಮ ಪ್ರೊಡಕ್ಷನ್ (ಊರಿನ ತಯಾರಿ ಶಕ್ತಿ) ಎಷ್ಟು ಖರ್ಚಾಗುತ್ತದೆ ಅನ್ನುವುದನ್ನು ನೋಡಿ, ಯಾವುದು ಅಗ್ಗವೋ ಅದನ್ನು ಪೂರ್ತಿ ಮನಸ್ಸಿಟ್ಟು ಮಾಡಬೇಕು. ಅರ್ಧ ಸೈನ್ಯ ಕಟ್ಟಿ, ಅರ್ಧ ಸೆಟ್ಲರ್ ಮಾಡಿದವರು ಎರಡರಲ್ಲೂ ಹಿಂದೆ ಬೀಳುತ್ತಾರೆ.

ಇಲ್ಲಿ ಹೇಳುವುದೆಲ್ಲ 2016ರಲ್ಲಿ ಬಂದ ಮೂಲ ಆಟಕ್ಕೆ 2018ರ ರೈಸ್ ಆ್ಯಂಡ್ ಫಾಲ್, 2019ರ ಗ್ಯಾದರಿಂಗ್ ಸ್ಟಾರ್ಮ್ ಎರಡೂ ವಿಸ್ತರಣೆಗಳನ್ನು ಸೇರಿಸಿ, ಸ್ಟ್ಯಾಂಡರ್ಡ್ ವೇಗದಲ್ಲಿ ಆಡುವವರಿಗೆ. ಒಂದು ಮಾತು ಮೊದಲೇ ಹೇಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕಾಗದು. ಆಯ್ಕೆಗಳಿಗೆ ಹೋಗಿ ಆಟೋಸೇವ್ ಅನ್ನು ಪ್ರತಿ ಟರ್ನ್‌ಗೂ ಇಟ್ಟುಕೊಳ್ಳಿ.

ಮೊದಲು ಲೆಕ್ಕ

ಮೊದಲ ಸೆಟ್ಲರ್‌ಗೆ 80 ಪ್ರೊಡಕ್ಷನ್ ಬೇಕು. ಆಮೇಲೆ ಒಂದೊಂದು ಸೆಟ್ಲರ್ ಮಾಡಿದ ಹಾಗೆ ಬೆಲೆ 30ರಂತೆ ಏರುತ್ತದೆ: 80, 110, 140, 170. ಮೂರು ಸೆಟ್ಲರ್‌ಗೆ ಒಟ್ಟು 330, ನಾಲ್ಕಕ್ಕೆ 500. ಜೊತೆಗೆ ಪ್ರತಿ ಸೆಟ್ಲರ್‌ಗೂ ಊರಿನ ಜನಸಂಖ್ಯೆ ಒಂದು ಇಳಿಯುತ್ತದೆ.

ಈಗ ದಾಳಿಯ ಕಡೆ ನೋಡಿ. ಸ್ಲಿಂಗರ್‌ಗೆ (ಕವಣೆಗಾರ) 35, ವಾರಿಯರ್‌ಗೆ (ಕಾಲಾಳು) 40, ಆರ್ಚರ್‌ಗೆ (ಬಿಲ್ಲಾಳು) 60. ನಾಲ್ಕು ಸ್ಲಿಂಗರ್, ಇನ್ನೊಬ್ಬ ವಾರಿಯರ್, ಮೇಲೆ ಎರಡು ಆರ್ಚರ್ ಅಂದರೆ 300. ಸ್ಲಿಂಗರ್‌ಗಳನ್ನು ಆರ್ಚರ್ ಮಾಡಲು ಸ್ವಲ್ಪ ಚಿನ್ನ ಬೇಕು, ಅಷ್ಟೇ. ಮೂರು ಸೆಟ್ಲರ್‌ನ ಬೆಲೆಗಿಂತ ಕಡಿಮೆ ಖರ್ಚಿನಲ್ಲಿ ಒಂದು ಸೈನ್ಯ ನಿಂತಿತು. ಪಕ್ಕದವನು ಹತ್ತಿರವಿದ್ದು ಗೋಡೆ ಕಟ್ಟದಿದ್ದರೆ ಈ ಸೈನ್ಯ ಎರಡು ಮೂರು ಊರು ತಂದುಕೊಡುತ್ತದೆ. ಅವು ಬೆಳೆದ ಊರುಗಳು. ಸುತ್ತಲಿನ ಹೊಲ, ಗಣಿ ಆಗಲೇ ತಯಾರಾಗಿರುತ್ತವೆ. ಸೆಟ್ಲರ್ ಬೆಲೆಯೂ ಏರುವುದಿಲ್ಲ. ಕೆಲಸ ಮುಗಿದ ಮೇಲೆ ಸೈನ್ಯ ನಮ್ಮ ಹತ್ತಿರವೇ ಉಳಿಯುತ್ತದೆ, ಅವನ ಖಾಲಿ ಜಾಗವೂ ನಮ್ಮದೇ.

ಆದರೆ ಪಕ್ಕದವನು ದೂರವಿದ್ದರೆ? ಬೆಟ್ಟದ ಆಚೆ ಇದ್ದರೆ? ಆಗ ಅದೇ 300 ಸುಮ್ನೆ ನಡೆದಾಡಿ ಹಾಳಾಗುತ್ತದೆ. ಹಾಗಾಗಿ ನಿರ್ಧಾರ ಮಾಡುವುದು ಮೊದಲ ಟರ್ನ್‌ನಲ್ಲಿ ಅಲ್ಲ, ಸುಮಾರು 20ರಿಂದ 25ನೇ ಟರ್ನ್‌ನಲ್ಲಿ. ಅಲ್ಲಿಯವರೆಗೆ ಮಾಡುವ ಕೆಲಸ ಎರಡೂ ದಾರಿಗೆ ಹೊಂದುವಂತಿರಬೇಕು.

ಮೊದಲ ಊರು ಎಲ್ಲಿ

ನೆಲ ಓದಲು ನಮ್ಮ ಜಿಲ್ಲೆಗಳ ನಕ್ಷೆಯನ್ನೇ ಮನಸ್ಸಿಗೆ ತಂದುಕೊಳ್ಳಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಹರಿಯುವ ನದಿಗಳು. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವಲ್ಲಿ ಮಂಗಳೂರು ಕೂತಿದೆ. ಆಟದಲ್ಲಿ ಇಂಥ ಜಾಗ ಸಿಕ್ಕರೆ ಯಾರಿಗಾದರೂ ಅಲ್ಲೇ ರಾಜಧಾನಿ ಮಾಡಬೇಕು ಅನಿಸುತ್ತದೆ. ನಾನು ಮಾಡುವುದಿಲ್ಲ. ಊರು ತನ್ನ ಸುತ್ತ ಮೂರು ಟೈಲ್‌ವರೆಗಿನ (ಟೈಲ್ ಅಂದರೆ ನಕ್ಷೆಯ ಒಂದು ಮನೆ) ಜಾಗ ದುಡಿಸುತ್ತದೆ. ಕಡಲ ದಂಡೆಯಲ್ಲಿ ಅದರಲ್ಲಿ ಅರ್ಧ ನೀರಿಗೆ ಹೋಯಿತು. ಶುರುವಿನಲ್ಲಿ ಬೇಕಾದದ್ದು ಪ್ರೊಡಕ್ಷನ್. ಅದು ಗುಡ್ಡದಲ್ಲಿ, ಕಾಡಿನಲ್ಲಿ ಇರುತ್ತದೆ, ನೀರಿನಲ್ಲಿ ಕಡಿಮೆ. ಅದಕ್ಕೇ ನದಿಯ ಮೇಲ್ದಂಡೆಗೆ ಒಂದೆರಡು ಟೈಲ್ ಸರಿದು, ಬಂಟ್ವಾಳದಂಥ ಜಾಗದಲ್ಲಿ ರಾಜಧಾನಿ ಮಾಡಿ. ಬಂದರಿನ ಊರು ಎರಡನೆಯದೋ ಮೂರನೆಯದೋ ಆಗಲಿ. ಕಡಲ ದಂಡೆಯಲ್ಲಿ ಊರು ಮಾಡಿದಾಗ ಸೇಲಿಂಗ್‌ನ ಯುರೇಕಾ (ಸಂಶೋಧನೆ ಬೇಗ ಮುಗಿಸುವ ಉತ್ತೇಜನ) ಹೇಗೂ ಸಿಗುತ್ತದೆ.

ನೀರಿನ ಲೆಕ್ಕ ಗಟ್ಟಿಯಾಗಿ ನೆನಪಿಡಿ. ನದಿ, ಕೆರೆಯಂಥ ಸಿಹಿನೀರಿನ ಪಕ್ಕದ ಊರಿಗೆ ಶುರುವಿಗೆ 5 ಹೌಸಿಂಗ್ (ಜನರಿಗೆ ವಾಸದ ಜಾಗ). ಬರೀ ಕಡಲ ಪಕ್ಕ 3. ನೀರೇ ಇಲ್ಲದ ಕಡೆ 2. ಹೌಸಿಂಗ್ ತುಂಬುತ್ತಾ ಬಂದ ಹಾಗೆ ಊರಿನ ಬೆಳವಣಿಗೆ ಕುಂಟುತ್ತದೆ. ಬೆಳೆಯದ ಊರು ಸೆಟ್ಲರ್ ಕೊಡುವುದಿಲ್ಲ, ಯಾಕೆಂದರೆ ಸೆಟ್ಲರ್ ಮಾಡಲು ಕನಿಷ್ಠ 2 ಜನಸಂಖ್ಯೆ ಬೇಕು.

ಇನ್ನೊಂದು ಗುಟ್ಟು. ಬಯಲು ಸೀಮೆಯ ಗುಡ್ಡದ ಮೇಲೆ, ಅಂದರೆ ಪ್ಲೇನ್ಸ್ ಹಿಲ್ ಮೇಲೆ ಊರು ಮಾಡಿದರೆ ಊರ ಮಧ್ಯದ ಟೈಲ್ ಒಂದೇ 2 ಆಹಾರ, 2 ಪ್ರೊಡಕ್ಷನ್ ಕೊಡುತ್ತದೆ. ಸಾಮಾನ್ಯ ಜಾಗದಲ್ಲಿ 2 ಮತ್ತು 1. ಮೊದಲ 30 ಟರ್ನ್‌ಗಳಲ್ಲಿ ಈ ಒಂದು ಪ್ರೊಡಕ್ಷನ್ ನಕ್ಷೆ ಹುಡುಕುವ ಒಬ್ಬ ಸ್ಕೌಟ್‌ನಷ್ಟು ಬೆಲೆ ಬಾಳುತ್ತದೆ. ಒಂದು ಟರ್ನ್ ನಡೆದು ಅಂಥ ಜಾಗ ಸಿಗುವುದಾದರೆ ನಡೆಯಿರಿ. ಎರಡು ಟರ್ನ್‌ಗಿಂತ ಜಾಸ್ತಿ ಅಲೆಯಬೇಡಿ.

1ರಿಂದ 20: ಕಣ್ಣು ತೆರೆಯುವ ಕಾಲ

ನಾನು ಮೊದಲು ಮಾಡುವುದು ಸ್ಕೌಟ್, ಆಮೇಲೆ ಸ್ಲಿಂಗರ್, ಆಮೇಲೆ ಇನ್ನೊಂದು ಸ್ಲಿಂಗರ್ ಅಥವಾ ಸೆಟ್ಲರ್. ಹೊಲ, ಗಣಿ ಮಾಡುವ ಬಿಲ್ಡರ್‌ನನ್ನು ನಾಲ್ಕನೆಯದಾಗಿ ಇಡುತ್ತೇನೆ. ಕೆಲವರು ಶುರುವಿಗೇ ಮಾನ್ಯುಮೆಂಟ್ ಕಟ್ಟುತ್ತಾರೆ. ಕಲ್ಚರ್ ಬರುವುದು ನಿಜ, ಆದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಾಗದೆ ಕಲ್ಚರ್ ಇಟ್ಟುಕೊಂಡು ಏನು ಮಾಡುವುದು?

ಸ್ಕೌಟ್ ದೂರ ಹೋಗಲಿ. ಮೊದಲೇ ಸಿಕ್ಕ ವಾರಿಯರ್ ಊರಿನ ಸುತ್ತ ನಾಲ್ಕೈದು ಟೈಲ್‌ನ ಒಳಗೇ ಸುತ್ತಲಿ. ಕಾರಣ ಬಾರ್ಬೇರಿಯನ್‌ಗಳು, ಯಾವ ರಾಜ್ಯಕ್ಕೂ ಸೇರದ ದಾಳಿಕೋರರು. ಅವರ ಸ್ಕೌಟ್ ನಮ್ಮ ಊರನ್ನು ಕಂಡರೆ ಅದರ ತಲೆಯ ಮೇಲೆ ಉದ್ಗಾರ ಚಿಹ್ನೆ ಬರುತ್ತದೆ. ಅದು ಕ್ಯಾಂಪ್‌ಗೆ ವಾಪಸ್ ಹೋಗಿ ಸುದ್ದಿ ಮುಟ್ಟಿಸಿದರೆ ದಂಡು ಹೊರಡುತ್ತದೆ. ಆ ಸ್ಕೌಟ್ ಮನೆ ಸೇರುವ ಮುಂಚೆ ಕೊಲ್ಲಬೇಕು, ಅಥವಾ ಅದರ ದಾರಿಗೆ ಅಡ್ಡ ನಿಲ್ಲಬೇಕು. ಈ ಒಂದು ಕೆಲಸ ಸರಿಯಾಗಿ ಮಾಡಿದರೆ ಮೊದಲ 40 ಟರ್ನ್‌ನ ಅರ್ಧ ತಲೆನೋವು ಕಳೆದ ಹಾಗೆ.

ಬಾರ್ಬೇರಿಯನ್‌ರಿಂದ ಲಾಭವೂ ಇದೆ. ಸ್ಲಿಂಗರ್ ಒಂದು ಶತ್ರುವನ್ನು ಕೊಂದರೆ ಆರ್ಚರಿ ತಂತ್ರಜ್ಞಾನದ ಯುರೇಕಾ. ಮೂರು ಬಾರ್ಬೇರಿಯನ್‌ರನ್ನು ಕೊಂದರೆ ಬ್ರಾಂಜ್ ವರ್ಕಿಂಗ್‌ನ ಯುರೇಕಾ. ಕ್ಯಾಂಪ್ ತೆಗೆದರೆ ಚಿನ್ನ, ಜೊತೆಗೆ ಮಿಲಿಟರಿ ಟ್ರೆಡಿಶನ್ ಎಂಬ ಸಿವಿಕ್‌ಗೆ ಸ್ಫೂರ್ತಿ (ಕಲ್ಚರ್‌ನಿಂದ ಕಲಿಯುವ ಸಿವಿಕ್‌ಗಳಿಗೆ ಸಿಗುವ ಯುರೇಕಾ). ಸ್ಲಿಂಗರ್‌ನ ಕಲ್ಲು ಪಕ್ಕದ ಟೈಲ್‌ಗೆ ಮಾತ್ರ ತಲುಪುತ್ತದೆ, ಮೈಯಲ್ಲಿ ಬಲವೂ ಇಲ್ಲ. ಹಾಗಾಗಿ ವಾರಿಯರ್ ಮುಂದೆ ನಿಂತು ಹೊಡೆಸಿಕೊಳ್ಳಲಿ, ಹೊಡೆಯಲಿ. ಶತ್ರುವಿನ ಜೀವ ಕೊನೆಗೆ ಬಂದಾಗ ಕೊನೆಯ ಏಟು ಸ್ಲಿಂಗರ್‌ನದ್ದಾಗಲಿ. ಈ ಕ್ರಮ ತಪ್ಪಿ ವಾರಿಯರ್ ಕೊಂದುಬಿಟ್ಟರೆ ಯುರೇಕಾ ಕೈ ತಪ್ಪುತ್ತದೆ.

ಸಂಶೋಧನೆಯಲ್ಲಿ ನನ್ನ ಕ್ರಮ ಹೀಗೆ. ಊರ ಹತ್ತಿರ ದನ, ಕುರಿ ಇದ್ದರೆ ಅನಿಮಲ್ ಹಸ್ಬೆಂಡ್ರಿ ಮೊದಲು. ಕಲ್ಲು, ವಜ್ರ, ಗುಡ್ಡ ಜಾಸ್ತಿ ಇದ್ದರೆ ಮೈನಿಂಗ್ ಮೊದಲು. ಎರಡನ್ನೂ ಮುಗಿಸಿ ಆರ್ಚರಿಗೆ ಬನ್ನಿ. ಅನಿಮಲ್ ಹಸ್ಬೆಂಡ್ರಿ ಇಲ್ಲದೆ ಆರ್ಚರಿ ತೆರೆಯುವುದಿಲ್ಲ. ಕುದುರೆ ಎಲ್ಲಿದೆ ಎಂದು ತೋರಿಸುವುದೂ ಅದೇ.

ನೀತಿ ಕಾರ್ಡ್‌ಗಳ (ಸರ್ಕಾರಕ್ಕೆ ಹಾಕುವ ಅನುಕೂಲಗಳು) ವಿಷಯಕ್ಕೆ ಬಂದರೆ, ಕೋಡ್ ಆಫ್ ಲಾಸ್ ಸಿವಿಕ್ ಮುಗಿದಾಗ ಸೈನ್ಯಕ್ಕೆ ಒಂದು, ಆರ್ಥಿಕತೆಗೆ ಒಂದು ಜಾಗ ಸಿಗುತ್ತದೆ. ಸೈನ್ಯದ ಜಾಗದಲ್ಲಿ ಡಿಸಿಪ್ಲಿನ್ ಇಡಿ, ಬಾರ್ಬೇರಿಯನ್‌ರ ಎದುರು 5 ಬಲ ಹೆಚ್ಚು. ಆರ್ಥಿಕತೆಯಲ್ಲಿ ಅರ್ಬನ್ ಪ್ಲಾನಿಂಗ್, ಪ್ರತಿ ಊರಿಗೂ 1 ಪ್ರೊಡಕ್ಷನ್. ಪ್ಯಾಂಥಿಯನ್ (ಮೊದಲ ಧಾರ್ಮಿಕ ನಂಬಿಕೆ) ಬೇಗ ಬೇಕೆಂದಿದ್ದರೆ ಗಾಡ್ ಕಿಂಗ್. ಪ್ಯಾಂಥಿಯನ್‌ಗೆ 25 ಫೇತ್ (ಭಕ್ತಿಯ ಅಂಕ) ಬೇಕು. ರಿಲಿಜಿಯಸ್ ಸೆಟಲ್‌ಮೆಂಟ್ಸ್ ಅನ್ನು ಆರಿಸಿದರೆ ಒಬ್ಬ ಸೆಟ್ಲರ್ ಪುಕ್ಕಟೆ ಬರುತ್ತಾನೆ. ಅದಕ್ಕೆ ಪೈಪೋಟಿ ಜೋರು, ಮೊದಲು ತಲುಪಿದವರಿಗೆ ಮಾತ್ರ.

ಆಮೇಲೆ ಕ್ರಾಫ್ಟ್ಸ್‌ಮನ್‌ಶಿಪ್. ಬಿಲ್ಡರ್‌ಗೆ ಮೂರು ಕೆಲಸ ಮಾಡುವ ಶಕ್ತಿ ಇರುತ್ತದೆ. ಆ ಮೂರನ್ನೂ ಟೈಲ್ ಸುಧಾರಣೆಗೇ ಬಳಸಿದರೆ ಇದರ ಸ್ಫೂರ್ತಿ ಬರುತ್ತದೆ. ಇದು ಕೊಡುವ ಅಗೋಗೆ ಕಾರ್ಡ್ ದಾಳಿ ಮಾಡುವವರಿಗೆ ಜೀವಾಳ. ಹಳೆಯ ಯುಗಗಳ ಕಾಲಾಳು, ಬಿಲ್ಲಾಳುಗಳ ತಯಾರಿ ಶೇ 50 ವೇಗ. 60ರ ಆರ್ಚರ್ ನಿಮಗೆ 40ಕ್ಕೆ ಬಂದ ಹಾಗೆ.

20ರಿಂದ 25: ನಿರ್ಧಾರ

ಈಗ ಆಟ ನಿಲ್ಲಿಸಿ, ನಕ್ಷೆ ದೂರ ಸರಿಸಿ ನೋಡಿ. ನಾನು ನೋಡುವುದು ನಾಲ್ಕು ವಿಷಯ.

ಪಕ್ಕದವನ ರಾಜಧಾನಿ ಎಷ್ಟು ದೂರ? ನಮ್ಮ ರಾಜಧಾನಿಯಿಂದ ಸುಮಾರು 10 ಟೈಲ್‌ನ ಒಳಗಿದ್ದರೆ ದಾಳಿ ಚೆಂದ. 15 ದಾಟಿದರೆ ಬೇಡ. ಸೈನ್ಯ ತಲುಪುವಷ್ಟರಲ್ಲಿ ಅವನು ಗೋಡೆ ಕಟ್ಟಿರುತ್ತಾನೆ, ಗೆದ್ದ ಊರೂ ಲಾಯಲ್ಟಿ (ನಮ್ಮ ಮೇಲಿನ ನಿಷ್ಠೆ) ಸಾಲದೆ ಕೈ ಬಿಡಬಹುದು.

ದಾರಿ ಹೇಗಿದೆ? ಗುಡ್ಡ, ಕಾಡಿನ ಟೈಲ್‌ಗೆ ಎರಡು ನಡೆ ಬೇಕು. ನಡುವೆ ಘಟ್ಟ ಅಡ್ಡ ಬಂದು ಶಿರಾಡಿ, ಚಾರ್ಮಾಡಿಯಂಥ ಒಂದೇ ಕಣಿವೆ ಇದ್ದರೆ ಅಲ್ಲಿ ಒಬ್ಬೊಬ್ಬರೇ ಸಾಲಾಗಿ ಹೋಗಬೇಕಾಗುತ್ತದೆ, ಯಾಕೆಂದರೆ ಒಂದು ಟೈಲ್‌ನಲ್ಲಿ ಒಂದೇ ತುಕಡಿ. ಅಂಥ ಜಾಗ ನಮ್ಮನ್ನು ಕಾಯುವುದಕ್ಕೆ ಒಳ್ಳೆಯದು, ದಾಳಿಗೆ ಅಲ್ಲ. ಎರಡು ಆರ್ಚರ್ ಅಲ್ಲಿ ನಿಲ್ಲಿಸಿ, ನಮ್ಮ ಕಡೆಯ ಜಾಗವನ್ನೆಲ್ಲ ನಿಧಾನವಾಗಿ ತುಂಬಿಸಿ.

ನಮ್ಮ ಕಡೆ ಎಷ್ಟು ಜಾಗ ಖಾಲಿ ಇದೆ? ನದಿ ಪಕ್ಕ ನಾಲ್ಕು ಒಳ್ಳೆಯ ಜಾಗ ಕಂಡರೆ ಸೆಟ್ಲರ್ ದಾರಿಯೇ ಸಾಕು. ಒಂದೋ ಎರಡೋ ಇದ್ದರೆ ಯುದ್ಧ ಬಿಟ್ಟು ಬೇರೆ ದಾರಿ ಇಲ್ಲ.

ಕೊನೆಯದು ಕಷ್ಟದ ಮಟ್ಟ. ಪ್ರಿನ್ಸ್ ಮಟ್ಟದಲ್ಲಿ ಕಂಪ್ಯೂಟರ್ ನಮಗೆ ಸಮ. ಅತಿ ಕಷ್ಟದ ಡೀಟಿ ಮಟ್ಟದಲ್ಲಿ ಅದು ಮೂರು ಸೆಟ್ಲರ್‌ಗಳೊಂದಿಗೆ ಶುರು ಮಾಡುತ್ತದೆ, ಯುದ್ಧದಲ್ಲೂ 4 ಬಲ ಹೆಚ್ಚು. ಹೊಸಬರು ಇದನ್ನು ನೋಡಿ ಹೆದರಿ ದಾಳಿ ಬಿಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಡೀಟಿಯಲ್ಲಿ ಪಕ್ಕದವನ ಹತ್ತಿರ ಕಸಿಯಲು ಜಾಸ್ತಿ ಇದೆ. ಅವನ ಮೂರು ಊರು 25ನೇ ಟರ್ನ್‌ಗೇ ನಿಂತಿರುತ್ತವೆ. ಸೆಟ್ಲರ್ ಓಟದಲ್ಲಿ ಅವನನ್ನು ಹಿಡಿಯುವುದು ಕಷ್ಟ, ಆರ್ಚರ್ ಹಿಡಿದು ಹೋದರೆ ಆ ಊರುಗಳೇ ನಮ್ಮವಾಗುತ್ತವೆ.

ದಾಳಿ: ಹೆಜ್ಜೆ ಹೆಜ್ಜೆಯಾಗಿ

ಆರ್ಚರ್ ದಾಳಿಯ ಕಿಟಕಿ ಚಿಕ್ಕದು. ಸುಮಾರು 30ರಿಂದ 45ನೇ ಟರ್ನ್. ಆಮೇಲೆ ಗೋಡೆಗಳು ಏಳುತ್ತವೆ. ಗೋಡೆ ಇಲ್ಲದ ಊರು ಬಾಣ ಬಿಡಲಾರದು, ಗೋಡೆ ಬಂದ ಕೂಡಲೇ ಪ್ರತಿ ಟರ್ನ್ ನಮ್ಮ ಮೇಲೆ ಬಾಣ ಬರುತ್ತದೆ. ಆಟವೇ ಬೇರೆ ಆಗಿಬಿಡುತ್ತದೆ.

ಒಂದು, ಚಿನ್ನ ಕೂಡಿಡಿ. ಸ್ಲಿಂಗರ್‌ಗಳನ್ನು ಮೊದಲೇ ಮಾಡಿಟ್ಟು, ಆರ್ಚರಿ ಮುಗಿದ ಟರ್ನ್‌ನಲ್ಲೇ ಚಿನ್ನ ಕೊಟ್ಟು ಆರ್ಚರ್ ಮಾಡಿ. ಅಪ್‌ಗ್ರೇಡ್ ನಮ್ಮ ಗಡಿಯೊಳಗೆ ಮಾತ್ರ ಆಗುತ್ತದೆ, ಅದಕ್ಕೂ ಮುಂಚೆ ಹೊರಡಬೇಡಿ. ಚಿನ್ನ ಸಾಲದಿದ್ದರೆ ಒಂದು ಲಕ್ಷುರಿಯನ್ನು (ವಜ್ರದಂಥ ಐಷಾರಾಮಿ ವಸ್ತು) ದೂರದ ಯಾವುದಾದರೂ ನಾಯಕನಿಗೆ ಮಾರಿ. ನಾಳೆ ಯಾರ ಮೇಲೆ ಹೋಗುತ್ತೀರೋ ಅವನ ಜೊತೆ ದೀರ್ಘ ವ್ಯಾಪಾರ ಬೇಡ, ಯುದ್ಧ ಘೋಷಿಸಿದ ಕೂಡಲೇ ಅದು ಮುರಿಯುತ್ತದೆ. ಸ್ನೇಹ ಘೋಷಣೆಯಂತೂ ಬೇಡವೇ ಬೇಡ. ಸ್ನೇಹ ಇರುವಷ್ಟು ಕಾಲ ಯುದ್ಧ ಸಾರಲು ಆಗುವುದಿಲ್ಲ.

ಎರಡು, ಒಟ್ಟಾಗಿ ನಡೆಯಿರಿ. ನಾಲ್ಕೈದು ಆರ್ಚರ್, ಇಬ್ಬರು ವಾರಿಯರ್. ಗಡಿಯ ಹೊರಗೆ ಒಂದೆರಡು ಟೈಲ್ ದೂರದಲ್ಲಿ ಎಲ್ಲರೂ ಬಂದು ಸೇರುವ ತನಕ ಕಾಯಿರಿ. ಒಬ್ಬೊಬ್ಬರೇ ತಲುಪಿ ಒಬ್ಬೊಬ್ಬರೇ ಸಾಯುವುದು ಹೊಸಬರ ದಾಳಿ ಸೋಲುವ ಮುಖ್ಯ ಕಾರಣ. ಇಲ್ಲಿ ಎರಡು ಟರ್ನ್ ಹೋದರೂ ಚಿಂತೆ ಇಲ್ಲ.

ಮೂರು, ಯುದ್ಧ ಸಾರುವ ಟರ್ನ್. ಅವನ ಸೆಟ್ಲರ್ ಅಥವಾ ಬಿಲ್ಡರ್ ಬಯಲಲ್ಲಿ ಕಾವಲಿಲ್ಲದೆ ಕಂಡರೆ ಅದೇ ಒಳ್ಳೆಯ ಗಳಿಗೆ. ಈ ಆಟದಲ್ಲಿ ಹಿಡಿದ ಸೆಟ್ಲರ್ ನಮ್ಮ ಸೆಟ್ಲರ್ ಆಗಿಯೇ ಉಳಿಯುತ್ತಾನೆ. ನಿಂತಲ್ಲೇ ಒಂದು ಊರಿನ ಬೆಲೆ ಉಳಿಯಿತು. ಇದಕ್ಕೋಸ್ಕರವೇ ಒಬ್ಬ ವಾರಿಯರ್‌ನನ್ನು ಅವನ ಗಡಿ ಹತ್ತಿರ ಮೊದಲಿನಿಂದಲೇ ಇಟ್ಟಿರಬಹುದು.

ನಾಲ್ಕು, ಊರಿಗೆ ಕೈ ಹಾಕುವ ಮುಂಚೆ ಸೈನ್ಯ ಮುಗಿಸಿ. ಇದನ್ನು ಎಷ್ಟು ಹೇಳಿದರೂ ಸಾಲದು. ಆರ್ಚರ್‌ಗೆ ಊರಿನ ಮೇಲೆ ಬಾಣ ಬಿಡುವಾಗ 17 ಬಲ ಕಡಿತ ಇದೆ. ಜನರ ಮೇಲೆ ಅಂಥ ಕಡಿತ ಇಲ್ಲ. ಆರ್ಚರ್‌ನ ಬಾಣ ಎರಡು ಟೈಲ್ ದೂರ ಹೋಗುತ್ತದೆ, ಬಲ 25. ವಾರಿಯರ್‌ನ ಬಲ 20. ಅವನ ವಾರಿಯರ್‌ಗಳು ನಮ್ಮ ಸಾಲಿಗೆ ಬಂದು ಬೀಳಲಿ. ನಮ್ಮ ವಾರಿಯರ್ ಗುಡ್ಡ ಅಥವಾ ಕಾಡಿನ ಟೈಲ್‌ನಲ್ಲಿ ನಿಂತರೆ ರಕ್ಷಣೆಯಲ್ಲಿ 3 ಬಲ ಹೆಚ್ಚು. ಹಿಂದೆ ಆರ್ಚರ್‌ಗಳು. ಎರಡು ಮೂರು ಟರ್ನ್‌ನಲ್ಲಿ ಅವನ ಬಯಲು ಸೈನ್ಯ ಕರಗುತ್ತದೆ. ನದಿ ದಾಟಿ ಹೊಡೆಯಬೇಡಿ, ಕಾಲಾಳುವಿನ ಬಲ ಅಲ್ಲಿ ಕುಗ್ಗುತ್ತದೆ.

ಐದು, ಊರಿಗೆ ಸುತ್ತು ಹಾಕಿ. ಊರಿನ ಮಧ್ಯಕ್ಕೆ 200 ಜೀವ. ಸುತ್ತಲಿನ ಎಲ್ಲ ಟೈಲ್‌ಗಳೂ ನಮ್ಮ ಹಿಡಿತದಲ್ಲಿದ್ದರೆ ಅದು ವಾಸಿಯಾಗುವುದಿಲ್ಲ. ಪ್ರತಿ ಟೈಲ್‌ನಲ್ಲೂ ಆಳು ನಿಲ್ಲಬೇಕಿಲ್ಲ. ವಾರಿಯರ್‌ನ ಪಕ್ಕದ ಟೈಲ್‌ಗಳೂ ಅವನ ಹಿಡಿತಕ್ಕೆ ಬರುತ್ತವೆ, ಎದುರು ಬದಿಗಳಲ್ಲಿ ಇಬ್ಬರು ನಿಂತರೆ ಹೆಚ್ಚಾಗಿ ಸಾಕು. ನಡುವೆ ನದಿ ಇದ್ದರೆ ಮಾತ್ರ ಹಿಡಿತ ಆಚೆ ದಾಟುವುದಿಲ್ಲ. ಆರ್ಚರ್‌ಗಳಿಗೆ ಈ ಹಿಡಿತವೇ ಇಲ್ಲ, ಅವರು ಹಿಂದೆಯೇ ಇರಲಿ.

ಆರು, ಊರೊಳಗೆ ಹೋಗುವವನನ್ನು ಕಾಪಾಡಿ. ಬಾಣದಿಂದ ಊರು ಬೀಳುವುದಿಲ್ಲ. ಕೊನೆಗೆ ಒಳಗೆ ನುಗ್ಗಲು ಕಾಲಾಳು ಬೇಕು. ಇಬ್ಬರು ವಾರಿಯರ್ ಬೇಕು ಅಂದದ್ದು ಇದಕ್ಕೇ. ಒಬ್ಬ ಗಾಯಗೊಂಡರೆ ಹಿಂದೆ ಸರಿಸಿ, ಇನ್ನೊಬ್ಬ ಬರಲಿ. ಬಡ್ತಿ ಸಿಕ್ಕಿದ್ದರೆ ಕೂಡಲೇ ತೆಗೆದುಕೊಳ್ಳಬೇಡಿ. ಬಡ್ತಿ ತೆಗೆದುಕೊಂಡಾಗ 50 ಜೀವ ವಾಪಸ್ ಬರುತ್ತದೆ, ಅದನ್ನು ಗಾಯಕ್ಕೆ ಮದ್ದಾಗಿ ಇಟ್ಟುಕೊಳ್ಳಿ. ವಾರಿಯರ್‌ಗೆ ಬ್ಯಾಟಲ್‌ಕ್ರೈ, ಆರ್ಚರ್‌ಗೆ ವಾಲಿ. ಬೇರೆ ಯೋಚನೆ ಬೇಡ.

ಏಳು, ರಾಜಧಾನಿ ಬಿದ್ದ ಮೇಲೆ ನಿಲ್ಲಬೇಡಿ. ಮೂಲ ರಾಜಧಾನಿಯನ್ನು ಸುಡಲು ಆಟವೇ ಬಿಡುವುದಿಲ್ಲ, ಇಟ್ಟುಕೊಳ್ಳಲೇಬೇಕು. ಅದನ್ನು ಹಿಡಿದಿಡಲು ಅವನ ಉಳಿದ ಊರುಗಳನ್ನೂ ಹಿಡಿಯುವುದೇ ಒಳ್ಳೆಯದು. ಯಾಕೆಂದರೆ ಲಾಯಲ್ಟಿ ಒತ್ತಡ 9 ಟೈಲ್‌ನ ಒಳಗಿನ ಜನಸಂಖ್ಯೆಯಿಂದ ಬರುತ್ತದೆ. ಅವನ ಊರು ಪಕ್ಕದಲ್ಲೇ ಉಳಿದರೆ ನಾವು ಗೆದ್ದ ಊರು ದಂಗೆ ಎದ್ದೀತು. ಗೆದ್ದ ಊರಲ್ಲಿ ಒಬ್ಬ ಗವರ್ನರ್ ಕೂತರೆ ಪ್ರತಿ ಟರ್ನ್‌ಗೆ 8 ಲಾಯಲ್ಟಿ ಸಿಗುತ್ತದೆ. ಅದು ದೊಡ್ಡ ಆಸರೆ. ಒಂದು ತುಕಡಿಯನ್ನೂ ಊರೊಳಗೇ ಇರಿಸಿ.

ಎಂಟು, ಶಾಂತಿ. ಯುದ್ಧ ಸಾರಿದ 10 ಟರ್ನ್ ತನಕ ಶಾಂತಿ ಮಾತು ಸಾಧ್ಯವಿಲ್ಲ. ಅವನ ಹತ್ತಿರ ಒಂದೆರಡು ಊರು ಉಳಿದು ಅಲ್ಲಿ ಗೋಡೆ ಎದ್ದಿದ್ದರೆ ಒಪ್ಪಂದಕ್ಕೆ ಬನ್ನಿ. ಒಪ್ಪಂದದಲ್ಲಿ ಗೆದ್ದ ಊರುಗಳನ್ನು ನಮಗೆ ಬರೆದುಕೊಡುವಂತೆ ಸೇರಿಸುವುದನ್ನು ಮರೆಯಬೇಡಿ. ಹಾಗೆ ಮಾಡದಿದ್ದರೆ ಅವು ಆಕ್ರಮಿತ ಊರಾಗಿಯೇ ಉಳಿದು ಸರಿಯಾಗಿ ಬೆಳೆಯುವುದಿಲ್ಲ.

ಗೋಡೆ ಎದ್ದೇಬಿಟ್ಟರೆ? ಮೇಸನ್ರಿ ಮಾಡಿ ಗೋಡೆ ಒಡೆಯುವ ಒಂದು ಬ್ಯಾಟರಿಂಗ್ ರ್‍ಯಾಮ್ ತನ್ನಿ. ಕಲ್ಲಿನ ಕ್ವಾರಿ ಮಾಡಿದ್ದರೆ ಮೇಸನ್ರಿಯ ಯುರೇಕಾ ಸಿಕ್ಕಿರುತ್ತದೆ. ರ್‍ಯಾಮ್ ಊರಿನ ಪಕ್ಕ ನಿಂತರೆ ಕಾಲಾಳುಗಳ ಏಟು ಗೋಡೆಗೆ ಪೂರ್ತಿ ತಾಗುತ್ತದೆ. ಕುದುರೆ ಸವಾರರಿಗೆ ಇದರ ಪ್ರಯೋಜನ ಇಲ್ಲ. ಆಗ ಬರೀ ವಾರಿಯರ್ ಸಾಲದು, ಕಬ್ಬಿಣ ಹುಡುಕಿ ಸ್ವೋರ್ಡ್ಸ್‌ಮನ್ ಮಾಡಬೇಕು. ಗ್ಯಾದರಿಂಗ್ ಸ್ಟಾರ್ಮ್‌ನಲ್ಲಿ ಒಬ್ಬನಿಗೆ 20 ಕಬ್ಬಿಣ ಕೂಡಬೇಕು. ಪೊಲಿಟಿಕಲ್ ಫಿಲಾಸಫಿ ಮುಗಿದಿದ್ದರೆ ಆಲಿಗಾರ್ಕಿ ಸರ್ಕಾರ ಕಾಲಾಳುಗಳಿಗೆ 4 ಬಲ ಕೊಡುತ್ತದೆ. ಇಷ್ಟೆಲ್ಲ ಇಲ್ಲದೆ ಗೋಡೆಗೆ ಆರ್ಚರ್‌ಗಳನ್ನು ಡಿಕ್ಕಿ ಹೊಡೆಸಬೇಡಿ. ವಾಪಸ್ ಬನ್ನಿ, ಆ ಸೈನ್ಯ ನಿಮ್ಮ ಸೆಟ್ಲರ್‌ಗಳಿಗೆ ಕಾವಲಾಗಲಿ.

ಯಾರನ್ನು ಆರಿಸಿಕೊಂಡರೆ ದಾಳಿ ಸುಲಭ

ಸುಮೇರಿಯಾದ ವಾರ್ ಕಾರ್ಟ್ ಮೊದಲ ಟರ್ನ್‌ನಿಂದಲೇ ಸಿಗುತ್ತದೆ. ಬಲ 30. ಕುದುರೆಯ ಸಂಪನ್ಮೂಲವೂ ಬೇಡ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆಜ್ಟೆಕ್‌ರ ಈಗಲ್ ವಾರಿಯರ್‌ನ ಬಲ 28, ಅವನು ಸೋಲಿಸಿದ ಶತ್ರು ಬಿಲ್ಡರ್ ಆಗಿ ನಮ್ಮ ಕೈಗೆ ಬರಬಹುದು. ನುಬಿಯಾ ಬಿಲ್ಲಾಳುಗಳಿಗೆ, ರೋಮ್ ಸ್ವಲ್ಪ ತಡವಾಗಿ ಲೀಜನ್ ಹಿಡಿದು ಹೋಗುವವರಿಗೆ.

ಭಾರತವನ್ನು ಆಡುವವರಿಗೆ ಗಾಂಧಿ ಬಿಟ್ಟು ಚಂದ್ರಗುಪ್ತನೂ ಇದ್ದಾನೆ, ರೈಸ್ ಆ್ಯಂಡ್ ಫಾಲ್‌ನಲ್ಲಿ ಬಂದವನು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕೊನೆಯ ದಿನ ಕಳೆದ ಎಂದು ನಮ್ಮಲ್ಲಿ ನಂಬುವ ಆ ಮೌರ್ಯ ದೊರೆಯೇ. ಆಟದಲ್ಲಿ ಅವನಿಗೆ ವೈರಾಗ್ಯ ಇನ್ನೂ ಬಂದಿಲ್ಲ. ಮಿಲಿಟರಿ ಟ್ರೈನಿಂಗ್ ಮುಗಿದ ಮೇಲೆ ಅವನು ರಾಜ್ಯ ವಿಸ್ತಾರದ ಯುದ್ಧ ಸಾರಬಹುದು. ಮೊದಲ 10 ಟರ್ನ್ ಸೈನ್ಯಕ್ಕೆ 2 ನಡೆ, 5 ಬಲ ಹೆಚ್ಚು. ಹಾರ್ಸ್‌ಬ್ಯಾಕ್ ರೈಡಿಂಗ್‌ನಲ್ಲಿ ಸಿಗುವ ವರು ಆನೆಗಳ ಬಲ 40, ಪಕ್ಕದಲ್ಲಿ ನಿಂತ ಶತ್ರುವಿನ ಬಲ 5 ಇಳಿಯುತ್ತದೆ. ಇದು ಆರ್ಚರ್ ಕಿಟಕಿಗೆ ಹೊಂದುವುದಿಲ್ಲ. ಮೊದಲು ಸೆಟ್ಲರ್‌ಗಳಿಂದ ಮೂರು ನಾಲ್ಕು ಊರು ಮಾಡಿ, ಆನೆ ಬಂದ ಮೇಲೆ ಹೊರಡುವುದು ಅವನಿಗೆ ಸರಿಯಾದ ದಾರಿ.

ಸೆಟ್ಲರ್ ದಾರಿ

ಇಲ್ಲಿ ಗುರಿ 60ನೇ ಟರ್ನ್ ಹೊತ್ತಿಗೆ ಐದಾರು ಊರು. ಮುಖ್ಯ ಕಾರ್ಡ್ ಕಾಲನೈಸೇಶನ್. ಸೆಟ್ಲರ್ ತಯಾರಿ ಶೇ 50 ವೇಗ. ಇದು ಅರ್ಲಿ ಎಂಪೈರ್‌ನಲ್ಲಿ ಸಿಗುತ್ತದೆ, ಅದರ ಸ್ಫೂರ್ತಿಗೆ ಒಟ್ಟು ಜನಸಂಖ್ಯೆ 6 ಆಗಬೇಕು. ಸೆಟ್ಲರ್ ಮಾಡಿದಾಗ ಜನಸಂಖ್ಯೆ ಇಳಿಯುತ್ತದೆ ಅಲ್ವಾ, ಹಾಗಾಗಿ 5ರಲ್ಲಿದ್ದಾಗ ಒಂದು ಸೆಟ್ಲರ್ ತಡ ಮಾಡಿ 6 ಮುಟ್ಟಿಸಿಕೊಳ್ಳುವುದು ಲಾಭ. ಕಾರ್ಡ್ ಬಂದ ಮೇಲೆ ಎರಡು ಮೂರು ಊರುಗಳಲ್ಲಿ ಒಟ್ಟಿಗೇ ಸೆಟ್ಲರ್ ಶುರು ಮಾಡಿ. ಬೇರೆ ಕಾರ್ಡ್‌ಗೆ ಬದಲಿಸುವ ಮುಂಚೆ ಎಲ್ಲ ಮುಗಿದಿರಲಿ. ಕಾಲನೈಸೇಶನ್ ಆರ್ಥಿಕ ಕಾರ್ಡ್, ಅಗೋಗೆ ಸೈನ್ಯದ ಕಾರ್ಡ್. ಎರಡೂ ಒಟ್ಟಿಗೆ ಇರಬಹುದು.

ಅರ್ಲಿ ಎಂಪೈರ್, ಸ್ಟೇಟ್ ವರ್ಕ್‌ಫೋರ್ಸ್ ಎರಡೂ ಒಂದೊಂದು ಗವರ್ನರ್ ಪದವಿ ಕೊಡುತ್ತವೆ. ಎರಡನ್ನೂ ಮ್ಯಾಗ್ನಸ್ ಎಂಬ ಗವರ್ನರ್‌ಗೆ ಹಾಕಿ, ಪ್ರಾವಿಶನ್ ಬಡ್ತಿ ತೆಗೆದುಕೊಳ್ಳಿ. ಅವನಿರುವ ಊರಿನಲ್ಲಿ ಸೆಟ್ಲರ್ ಮಾಡಿದರೆ ಜನಸಂಖ್ಯೆ ಇಳಿಯುವುದಿಲ್ಲ. ಕಾಡು ಕಡಿದಾಗಲೂ ಅವನಿಂದ ಶೇ 50 ಜಾಸ್ತಿ ಪ್ರೊಡಕ್ಷನ್. ಸೆಟ್ಲರ್ ತಯಾರಿ ನಡೆಯುತ್ತಿರುವಾಗ ಆ ಊರಿನ ಕಾಡು ಕಡಿಯಿರಿ. ಇದಕ್ಕೆ ಮೈನಿಂಗ್ ಸಾಕು, ಮಳೆಕಾಡು ಕಡಿಯಲು ಬ್ರಾಂಜ್ ವರ್ಕಿಂಗ್ ಬೇಕು. ಸರ್ಕಾರ ಬದಲಾದ ಮೇಲೆ ಗವರ್ನಮೆಂಟ್ ಪ್ಲಾಜಾದಲ್ಲಿ ಆನ್ಸೆಸ್ಟ್ರಲ್ ಹಾಲ್ ಕಟ್ಟಿದರೆ ಆ ಊರಿನ ಸೆಟ್ಲರ್‌ಗೆ ಇನ್ನೂ ಶೇ 50 ವೇಗ. ಹೊಸ ಊರು ಮಾಡಿದಾಗಲೆಲ್ಲ ಒಬ್ಬ ಬಿಲ್ಡರ್ ಪುಕ್ಕಟೆ.

ಊರುಗಳ ನಡುವೆ ಕನಿಷ್ಠ ಮೂರು ಟೈಲ್ ಇರಬೇಕು ಅನ್ನುವುದು ನಿಯಮ. ನಾನು ಮೂರು ನಾಲ್ಕು ಟೈಲ್ ಬಿಟ್ಟು ಒತ್ತಾಗಿಯೇ ಇಡುತ್ತೇನೆ. ದೂರ ದೂರ ಚಂದದ ಜಾಗ ಹುಡುಕುತ್ತಾ ಹೋದರೆ ಕಾಯುವುದು ಕಷ್ಟ, ಲಾಯಲ್ಟಿಯೂ ಒಂದಕ್ಕೊಂದು ಆಸರೆ ಆಗುವುದಿಲ್ಲ. ಮೊದಲು ಪಕ್ಕದವನ ಕಡೆಯ ಜಾಗ ಹಿಡಿಯಿರಿ, ಬೆನ್ನ ಹಿಂದಿನ ಜಾಗವನ್ನು ಆಮೇಲೆ ತುಂಬಬಹುದು. ಲಕ್ಷುರಿ ಇರುವ ಜಾಗಕ್ಕೆ ಆದ್ಯತೆ ಕೊಡಿ. ಒಂದು ಲಕ್ಷುರಿ ನಾಲ್ಕು ಊರುಗಳಿಗೆ ಒಂದೊಂದು ಅಮೆನಿಟಿ (ಜನರ ನೆಮ್ಮದಿ) ಕೊಡುತ್ತದೆ. ಅದೇ ಲಕ್ಷುರಿ ಎರಡನೆಯದು ಸಿಕ್ಕರೆ ನಮಗೆ ಉಪಯೋಗ ಇಲ್ಲ, ಮಾರಿ. ಆ ಚಿನ್ನದಿಂದ ಸೆಟ್ಲರ್ ಕೊಳ್ಳಬಹುದು. ಬೆಲೆ ಪ್ರೊಡಕ್ಷನ್‌ನ ನಾಲ್ಕು ಪಟ್ಟು. 80ರ ಸೆಟ್ಲರ್‌ಗೆ 320 ಚಿನ್ನ.

ಸೆಟ್ಲರ್ ಒಬ್ಬನೇ ಕಾಡಿಗೆ ಹೋಗಬಾರದು. ಬಾರ್ಬೇರಿಯನ್ ಹಿಡಿದುಕೊಂಡು ಹೋದರೆ 140 ಪ್ರೊಡಕ್ಷನ್ ಹೋಯಿತು. ಒಬ್ಬ ವಾರಿಯರ್ ಜೊತೆಗಿರಲಿ.

ಕ್ಲಾಸಿಕಲ್ ಯುಗಕ್ಕೆ ಗೋಲ್ಡನ್ ಏಜ್ ಸಿಕ್ಕರೆ ಮಾನ್ಯುಮೆಂಟಾಲಿಟಿ ಆರಿಸಿ. ಫೇತ್ ಕೊಟ್ಟು ಸೆಟ್ಲರ್, ಬಿಲ್ಡರ್ ಕೊಳ್ಳಬಹುದು, ಅದೂ ಶೇ 30 ಅಗ್ಗಕ್ಕೆ. ಬಾರ್ಬೇರಿಯನ್ ಕ್ಯಾಂಪ್ ತೆಗೆಯುವುದು, ಹೊಸ ಸಿಟಿ ಸ್ಟೇಟ್‌ಗಳನ್ನು ಮೊದಲು ಭೇಟಿ ಮಾಡುವುದು, ಇವೆಲ್ಲ ಗೋಲ್ಡನ್ ಏಜ್ ತರುವ ಎರಾ ಸ್ಕೋರ್‌ಗೆ ಸೇರುತ್ತವೆ.

ಗೆಳೆಯರು ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸೀಟ್ ಆಡುವಾಗ ಮಾತ್ರ ಇದರಲ್ಲಿ ಒಂದು ಬದಲಾವಣೆ ಬೇಕು. ಮನುಷ್ಯ ಕಂಪ್ಯೂಟರ್‌ನ ಹಾಗೆ ತನ್ನ ವಾರಿಯರ್‌ಗಳನ್ನು ನಮ್ಮ ಆರ್ಚರ್‌ಗಳ ಎದುರು ತಂದು ಸುರಿಯುವುದಿಲ್ಲ. ಗಡಿಯಲ್ಲಿ ಐದು ಆರ್ಚರ್ ಕಂಡ ಟರ್ನ್‌ನಲ್ಲೇ ಗೋಡೆ ಶುರು ಮಾಡುತ್ತಾನೆ. ಹಾಗಾಗಿ ಗೆಳೆಯರ ಆಟದಲ್ಲಿ ನಾನು ಸೆಟ್ಲರ್ ದಾರಿಗೇ ಹೋಗುತ್ತೇನೆ, ಅವರ ಸೆಟ್ಲರ್ ಕಾವಲಿಲ್ಲದೆ ಸಿಕ್ಕಾಗ ಮಾತ್ರ ಕೈ ಹಾಕುತ್ತೇನೆ.

60 ದಾಟಿದ ಮೇಲೆ

ಯಾವ ದಾರಿಯಲ್ಲಿ ಬಂದಿದ್ದರೂ ಈಗ ಊರುಗಳಿಗೆ ಡಿಸ್ಟ್ರಿಕ್ಟ್ (ಒಂದೊಂದು ಕೆಲಸಕ್ಕೆ ಮೀಸಲಾದ ಬಡಾವಣೆ) ಬೇಕು. ಘಟ್ಟದ ಬದಿಯ ಊರಿಗೆ ಕ್ಯಾಂಪಸ್, ಪ್ರತಿ ಪರ್ವತದ ಟೈಲ್‌ಗೆ 1 ವಿಜ್ಞಾನ. ನದಿ ಬದಿಗೆ ಕಮರ್ಷಿಯಲ್ ಹಬ್, ನದಿಯಿಂದ 2 ಚಿನ್ನ. ಕಡಲ ಊರಿಗೆ ಹಾರ್ಬರ್, ಊರಿಗೆ ಅಂಟಿಕೊಂಡಂತೆ. ಗೆದ್ದ ಊರುಗಳಲ್ಲಿ ಮೊದಲು ಮಾನ್ಯುಮೆಂಟ್, ಅದರಿಂದ ಲಾಯಲ್ಟಿಯೂ ಸ್ವಲ್ಪ ಸುಧಾರಿಸುತ್ತದೆ.

ದಾಳಿ ಮುಗಿಯಿತೆಂದು ಆರ್ಚರ್‌ಗಳನ್ನು ವಜಾ ಮಾಡಬೇಡಿ. ಅವರು ಬಡ್ತಿ ಪಡೆದವರು. ಗಡಿಯ ಊರುಗಳಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಗ್ಯಾರಿಸನ್ ಬಡ್ತಿ ಇದ್ದವನನ್ನು ಬಲವಾದ ನೆರೆಯವನ ಕಡೆಗೆ ಇಡಿ. ಡಿಸ್ಟ್ರಿಕ್ಟ್ ಒಳಗಿದ್ದಾಗ ಅವನಿಗೆ 10 ಬಲ ಹೆಚ್ಚು. ಮಷಿನರಿ ಬಂದ ದಿನ ಅವರೆಲ್ಲ ಕ್ರಾಸ್‌ಬೋಮನ್ ಆಗುತ್ತಾರೆ. ಅದಕ್ಕೆ ಬೇಕಾದ ಚಿನ್ನವನ್ನು ಈಗಿನಿಂದಲೇ ಬದಿಗಿಡಿ.